ಭ್ರೂಣದಲ್ಲಿ ನರಮಂಡಲ: ಯಾವ ದಿನ ಯಾವ ಕೆಲಸ

ಮೊದಲು ದಿನದ ಲೆಕ್ಕವನ್ನು ಸರಿಮಾಡಿಕೊಳ್ಳೋಣ. ಅದು ತಪ್ಪಿದರೆ ಇವತ್ತಿನ ಮಾತು ಪೂರ್ತಿ ತಪ್ಪುತ್ತದೆ. ತಾಯಿ ಕಾರ್ಡಿನಲ್ಲಿ ಬರೆಯುವ ವಾರಗಳನ್ನು ಕೊನೆಯ ಮುಟ್ಟಿನ ಮೊದಲ ದಿನದಿಂದ ಎಣಿಸುತ್ತಾರೆ. ಭ್ರೂಣಶಾಸ್ತ್ರದವರು ಎಣಿಸುವುದು ಅಂಡ ಮತ್ತು ವೀರ್ಯಾಣು ಕೂಡಿದ ದಿನದಿಂದ. ಎರಡಕ್ಕೂ ಸುಮಾರು ಎರಡು ವಾರದ ಅಂತರ. ನಾನು ಹೇಳುವ ದಿನ, ವಾರಗಳು ಈ ಎರಡನೇ ಲೆಕ್ಕದವು. ಕಾರ್ಡಿನ ಲೆಕ್ಕ ಬಂದಾಗ ಅದನ್ನು ಬಿಡಿಸಿ ಹೇಳುತ್ತೇನೆ.

28 ದಿನಕ್ಕೊಮ್ಮೆ ಸರಿಯಾಗಿ ಮುಟ್ಟಾಗುವ ಒಬ್ಬ ಹೆಂಗಸಿಗೆ ಈ ಸಲ ಮುಟ್ಟು ನಿಂತಿದೆ ಅನ್ನಿ. ಅವತ್ತಿಗೆ ಭ್ರೂಣಕ್ಕೆ ಸುಮಾರು 14 ದಿನ. ಉದ್ದ ಒಂದು ಮಿಲಿಮೀಟರೂ ಇಲ್ಲ, ಎರಡು ಪದರದ ಒಂದು ಬಿಲ್ಲೆ ಅಷ್ಟೆ. ಅದರಲ್ಲಿ ಒಂದೇ ಒಂದು ನರಕೋಶ ಇಲ್ಲ. ಅಲ್ಲಿಂದ ಇನ್ನೆರಡು ವಾರಕ್ಕೆ, ಅಂದರೆ 28ನೇ ದಿನದ ಹೊತ್ತಿಗೆ, ಮೆದುಳು ಮತ್ತು ಬೆನ್ನುಹುರಿಯ ಮೂಲವಾದ ನರಕೊಳವೆ ರೂಪುಗೊಂಡು, ಎರಡೂ ತುದಿ ಮುಚ್ಚಿ ಮುಗಿದಿರುತ್ತದೆ. ಆ ಹೊತ್ತಿಗೆ ಆ ಹೆಂಗಸು ಬಹುಶಃ ಪರೀಕ್ಷೆಯ ಪಟ್ಟಿ ತಂದು ನೋಡಿರಬಹುದು, ನೋಡದೆಯೂ ಇರಬಹುದು. ಗರ್ಭಿಣಿಯರ ಹೆಸರನ್ನು ಕಾರ್ಡಿನ ಲೆಕ್ಕದ 12 ವಾರದೊಳಗೆ ನೋಂದಾಯಿಸಬೇಕು ಎಂಬುದು ಆರೋಗ್ಯ ಇಲಾಖೆಯ ಗುರಿ. ಗುರಿ ಒಳ್ಳೆಯದೇ. ಆದರೆ ನರಕೊಳವೆಯ ಮಟ್ಟಿಗೆ ಹೇಳುವುದಾದರೆ ಆ ಗಡುವಿಗೆ ಆರು ವಾರ ಮೊದಲೇ ಕೆಲಸ ಮುಗಿದುಹೋಗಿರುತ್ತದೆ.

ಹಾಗಾಗಿ ನರಮಂಡಲದ ವಿಷಯದಲ್ಲಿ "ಗರ್ಭಿಣಿ ಏನು ತಿಂದರೆ ಏನಾಗುತ್ತದೆ" ಎಂದು ಕೇಳುವುದಕ್ಕಿಂತ "ಯಾವ ದಿನ ಏನಾದರೆ ಏನಾಗುತ್ತದೆ" ಎಂದು ಕೇಳಬೇಕು. ಅದೇ ಔಷಧ, ಅದೇ ಜ್ವರ ಒಂದು ವಾರ ಬಿಟ್ಟು ಬಂದರೆ ಬೇರೆಯೇ ಹಾನಿ ಮಾಡಬಹುದು, ಏನೂ ಮಾಡದೆ ಹೋಗಬಹುದು.

ಮೂರನೇ ವಾರದಲ್ಲಿ ಬಿಲ್ಲೆಯ ನಡುಗೆರೆಯಲ್ಲಿ ಜೀವಕೋಶಗಳು ಒಳಕ್ಕೆ ಮುಳುಗುತ್ತವೆ. ಎರಡು ಪದರ ಮೂರಾಗುತ್ತದೆ. ಮೇಲಿನ ಪದರದಿಂದ ಚರ್ಮ ಹುಟ್ಟುತ್ತದೆ, ನರಮಂಡಲ ಹುಟ್ಟುವುದೂ ಅದೇ ಪದರದಿಂದ. ಒಂದೇ ಹಾಳೆಯ ನಡುವಿನ ಭಾಗ ಮೆದುಳಾಗುತ್ತದೆ, ಅಂಚು ಚರ್ಮವಾಗುತ್ತದೆ. ಇದನ್ನು ತೀರ್ಮಾನಿಸುವವರು ಯಾರು?

ಇದಕ್ಕೆ ಮೊದಲ ಗಟ್ಟಿ ಉತ್ತರ ಬಂದದ್ದು ಜರ್ಮನಿಯ ಫ್ರೈಬರ್ಗಿನಿಂದ, 1924ರಲ್ಲಿ. ಹಾನ್ಸ್ ಸ್ಪೇಮನ್ ಅವರ ಪ್ರಯೋಗಾಲಯದಲ್ಲಿ ಹಿಲ್ಡೆ ಮಾಂಗೋಲ್ಡ್ ಎಂಬ ಸಂಶೋಧನಾ ವಿದ್ಯಾರ್ಥಿನಿ ನ್ಯೂಟ್ ಎಂಬ ನೀರುಜೀವಿಯ ಭ್ರೂಣಗಳ ಮೇಲೆ ಕೆಲಸ ಮಾಡುತ್ತಿದ್ದಳು. ಬಣ್ಣವಿಲ್ಲದ ಒಂದು ಜಾತಿಯ ಭ್ರೂಣದಿಂದ, ಜೀವಕೋಶಗಳು ಒಳಕ್ಕೆ ಮುಳುಗುವ ರಂಧ್ರದ ಮೇಲ್ತುಟಿಯ ಒಂದು ಚೂರನ್ನು ಕತ್ತರಿಸಿ, ಕಪ್ಪುಬಣ್ಣದ ಇನ್ನೊಂದು ಜಾತಿಯ ಭ್ರೂಣದ ಹೊಟ್ಟೆಯ ಕಡೆಗೆ ಕೂರಿಸಿದಳು. ಅಲ್ಲಿ ಎರಡನೆಯ ಬೆನ್ನು, ಎರಡನೆಯ ನರಕೊಳವೆ ಬೆಳೆಯಿತು. ಹೆಚ್ಚು ಮುಖ್ಯವಾದ ಸಂಗತಿ ಬಣ್ಣದ್ದು: ಆ ಎರಡನೆಯ ನರಕೊಳವೆಯ ಬಹುಪಾಲು ಜೀವಕೋಶಗಳು ಕಪ್ಪಾಗಿದ್ದವು. ಅಂದರೆ ಕೂರಿಸಿದ ಚೂರು ತಾನೇ ನರವಾಗಲಿಲ್ಲ, ಹೊಟ್ಟೆಯ ಚರ್ಮವಾಗಬೇಕಿದ್ದ ನೆರೆಯ ಕೋಶಗಳನ್ನು ನರದ ದಾರಿಗೆ ತಿರುಗಿಸಿತು. 1935ರಲ್ಲಿ ಸ್ಪೇಮನ್‌ಗೆ ನೊಬೆಲ್ ಬಂತು. ಹಿಲ್ಡೆ ಇರಲಿಲ್ಲ. ಪ್ರಬಂಧ ಪ್ರಕಟವಾದ 1924ರಲ್ಲೇ ಒಲೆಯ ಬೆಂಕಿ ಅವಘಡದಲ್ಲಿ ತೀರಿಕೊಂಡಿದ್ದಳು.

ಆ ಚೂರು ಹೊರಡಿಸುವ ರಾಸಾಯನಿಕ ಯಾವುದು ಎಂದು ಹುಡುಕಲು ಸುಮಾರು 70 ವರ್ಷ ಹಿಡಿಯಿತು. ಎಲ್ಲರೂ ಹುಡುಕುತ್ತಿದ್ದದ್ದು "ನರವಾಗು" ಎಂದು ಹೇಳುವ ವಸ್ತುವನ್ನು. 1992ರಲ್ಲಿ ನಾಗಿನ್, ಆಮೇಲೆ ಕಾರ್ಡಿನ್ ಎಂಬ ಪ್ರೋಟೀನುಗಳು ಸಿಕ್ಕಿದಾಗ ವಿಷಯ ತಲೆಕೆಳಗಾಯಿತು. ಮೇಲ್ಪದರದ ಕೋಶಗಳಿಗೆ ಬಿಎಂಪಿ ಎಂಬ ಪ್ರೋಟೀನು ಸದಾ "ಚರ್ಮವಾಗು" ಎಂದು ಹೇಳುತ್ತಿರುತ್ತದೆ. ನಾಗಿನ್, ಕಾರ್ಡಿನ್ ಹೋಗಿ ಆ ಬಿಎಂಪಿಯನ್ನು ಹಿಡಿದು ಕಟ್ಟಿಹಾಕುತ್ತವೆ. ಹೇಳುವವರ ಬಾಯಿ ಮುಚ್ಚಿದೊಡನೆ ಆ ಕೋಶಗಳು ನರದ ದಾರಿ ಹಿಡಿಯುತ್ತವೆ. ಬೇರೆ ಸಂಕೇತಗಳೂ ಕೈಜೋಡಿಸುತ್ತವೆ, ಆದರೆ ಮುಖ್ಯ ತಿರುವು ಇದೇ. ನಮ್ಮಲ್ಲಿ ಈ ಕೆಲಸದ ಬಹುಪಾಲು ನಡುಗೆರೆಯ ಸುತ್ತಲಿನ ಕೋಶಗಳದ್ದು. ಅದೇ ಗೆರೆಯಲ್ಲಿ ನೋಟೋಕಾರ್ಡ್ ಎಂಬ ಒಂದು ಸಣ್ಣ ಕಡ್ಡಿಯೂ ಬೆಳೆಯುತ್ತದೆ. ಅದನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

18ನೇ ದಿನದ ಹೊತ್ತಿಗೆ ನಡುಭಾಗದ ಕೋಶಗಳು ಎತ್ತರವಾಗಿ, ಒತ್ತೊತ್ತಾಗಿ ನಿಂತು ದಪ್ಪ ಫಲಕವಾಗುತ್ತವೆ. ಆಮೇಲೆ ಮಡಿಕೆ. ಪ್ರತಿ ಕೋಶದ ಮೇಲ್ತುದಿಯಲ್ಲಿ ಆಕ್ಟಿನ್, ಮಯೋಸಿನ್ ಎಳೆಗಳ ಒಂದು ಉಂಗುರ ಇದೆ. ನಮ್ಮ ಸ್ನಾಯುಗಳಲ್ಲಿ ಎಳೆಯುವುದೂ ಇದೇ ಜೋಡಿ. ಆ ಉಂಗುರ ಬಿಗಿದಾಗ ಕೋಶದ ತಲೆ ಸಣ್ಣದಾಗಿ, ಬುಡ ಅಗಲವಾಗಿಯೇ ಉಳಿಯುತ್ತದೆ. ಸಾವಿರಾರು ಕೋಶ ಒಂದೇ ಗೆರೆಯಲ್ಲಿ ಹೀಗೆ ಮಾಡಿದರೆ ಫಲಕ ಅಲ್ಲಿ ಬಾಗಲೇಬೇಕು. ನಡುವಿನಲ್ಲಿ ಒಂದು ಬಾಗು, ಎರಡು ಪಕ್ಕದಲ್ಲಿ ಒಂದೊಂದು. ಅಂಚುಗಳು ಎದ್ದು ಒಂದನ್ನೊಂದು ಸಮೀಪಿಸುತ್ತವೆ. 22ನೇ ದಿನದ ಸುಮಾರಿಗೆ ಕತ್ತಿನ ಮಟ್ಟದಲ್ಲಿ ಮೊದಲು ಕೂಡುತ್ತವೆ. ಅಲ್ಲಿಂದ ತಲೆಯ ಕಡೆಗೂ ಬಾಲದ ಕಡೆಗೂ ಮುಚ್ಚಿಕೊಳ್ಳುತ್ತಾ ಹೋಗುತ್ತದೆ. ಕರಿಗಡಬಿನ ಅಂಚು ಒತ್ತುವಾಗ ನಡುವಿನಿಂದ ಶುರುಮಾಡಿ ಎರಡೂ ತುದಿಗೆ ಹೋಗುತ್ತೇವಲ್ಲ, ಹಾಗೆ. ಎಲ್ಲಿ ಒತ್ತು ಬೀಳಲಿಲ್ಲವೋ ಎಣ್ಣೆಯಲ್ಲಿ ಅಲ್ಲೇ ಬಿಚ್ಚಿಕೊಳ್ಳುತ್ತದೆ. ತಲೆಯ ಕಡೆಯ ಬಾಯಿ ಸುಮಾರು 25ನೇ ದಿನಕ್ಕೆ ಮುಚ್ಚುತ್ತದೆ, ಬಾಲದ ಕಡೆಯದು 27 ಅಥವಾ 28ನೇ ದಿನಕ್ಕೆ.

ತಲೆಯ ಬಾಯಿ ಮುಚ್ಚದಿದ್ದರೆ ಮೆದುಳಿನ ಮೇಲ್ಭಾಗವೂ ತಲೆಬುರುಡೆಯೂ ಬೆಳೆಯುವುದಿಲ್ಲ. ಇದು ಅನೆನ್ಸೆಫಲಿ. ಈ ಮಗು ಬದುಕುವುದಿಲ್ಲ. ಕಾರ್ಡಿನ ಲೆಕ್ಕದ 11ರಿಂದ 13ನೇ ವಾರದ ಸ್ಕ್ಯಾನಿನಲ್ಲೇ ಇದು ಸಾಮಾನ್ಯವಾಗಿ ಕಾಣುತ್ತದೆ. ಕೆಳಗೆ ಮುಚ್ಚದಿದ್ದರೆ ಸ್ಪೈನಾ ಬೈಫಿಡಾ. ಅದರ ತೀವ್ರ ರೂಪದಲ್ಲಿ ಬೆನ್ನುಹುರಿ ಚರ್ಮದ ಹೊದಿಕೆ ಇಲ್ಲದೆ ಬೆನ್ನಿನ ಮೇಲೆ ತೆರೆದುಕೊಂಡಿರುತ್ತದೆ. ಕಾಲು ಆಡಿಸುವ, ಮಲಮೂತ್ರ ಹಿಡಿದಿಡುವ ನರಗಳಿಗೆ ಪೆಟ್ಟು ಬೀಳುವುದು ಅಲ್ಲೇ.

ಇಲ್ಲಿ ಒಂದು ಮುಖ್ಯ ವಿಷಯ ಇದೆ. ಹಾನಿ ಒಂದೇ ಸಲ ಆಗಿ ಮುಗಿಯುವುದಿಲ್ಲ. ತೆರೆದ ಹುರಿ ತಿಂಗಳುಗಟ್ಟಲೆ ಗರ್ಭದ ನೀರಿನಲ್ಲಿ ನೆನೆಯುತ್ತಾ, ಗರ್ಭದ ಗೋಡೆಗೆ ಉಜ್ಜುತ್ತಾ ಇನ್ನಷ್ಟು ಕೆಡುತ್ತದೆ. ಮೆದುಳಿನ ದ್ರವ ಆ ತೂತಿನಿಂದ ಸೋರುವುದರಿಂದ ತಲೆಯೊಳಗಿನ ಒತ್ತಡ ಇಳಿದು, ಹಿಮ್ಮೆದುಳು ಕತ್ತಿನ ಕಡೆಗೆ ಜಾರುತ್ತದೆ. ಅದು ದ್ರವದ ದಾರಿ ಕಟ್ಟಿ ತಲೆಯಲ್ಲಿ ನೀರು ತುಂಬುವಂತೆ ಮಾಡುತ್ತದೆ. ಅದಕ್ಕೇ ಹೊಟ್ಟೆಯೊಳಗಿರುವಾಗಲೇ ಶಸ್ತ್ರಚಿಕಿತ್ಸೆ ಮಾಡಿ ಮುಚ್ಚಿದರೆ ಹೇಗೆ ಎಂಬ ಪ್ರಯತ್ನ ಅಮೆರಿಕದಲ್ಲಿ ನಡೆಯಿತು. 2011ರಲ್ಲಿ ಫಲಿತಾಂಶ ಬಂತು. ಕಾರ್ಡಿನ ಲೆಕ್ಕದ 26 ವಾರದೊಳಗೆ ಗರ್ಭದಲ್ಲೇ ಮುಚ್ಚಿದ ಮಕ್ಕಳಲ್ಲಿ, ತಲೆಯ ನೀರು ಹರಿಸಲು ಒಂದು ವರ್ಷದೊಳಗೆ ನಳಿಕೆ ಹಾಕಬೇಕಾಗಿ ಬಂದದ್ದು ಶೇ. 40 ಮಂದಿಗೆ. ಹುಟ್ಟಿದ ಮೇಲೆ ಮುಚ್ಚಿದವರಲ್ಲಿ ಶೇ. 82. ಆದರೆ ಗರ್ಭದಲ್ಲಿ ಮಾಡಿದವರಲ್ಲಿ ಅವಧಿಗೆ ಮುಂಚಿನ ಹೆರಿಗೆ ಹೆಚ್ಚಾಯಿತು, ತಾಯಿಯ ಗರ್ಭಕೋಶದ ಗಾಯದ ತೊಂದರೆಯೂ ಹೆಚ್ಚಾಯಿತು. ಪುಕ್ಕಟೆ ಲಾಭವೇನೂ ಅಲ್ಲ.

ಬೆನ್ನುಹುರಿಯ ತೀರ ಕೆಳಗಿನ ತುದಿ ಈ ಮಡಿಕೆಯಿಂದ ಹುಟ್ಟುವುದಿಲ್ಲ. ಅಲ್ಲಿ ಕೋಶಗಳ ಒಂದು ಗಟ್ಟಿ ಉಂಡೆ ಮೊದಲಾಗಿ, ಆಮೇಲೆ ಒಳಗೆ ಟೊಳ್ಳಾಗುತ್ತದೆ. ಅಲ್ಲಿಯ ದೋಷಗಳು ಚರ್ಮದ ಕೆಳಗೆ ಅಡಗಿರುತ್ತವೆ. ಹಾಗಾಗಿ ನವಜಾತ ಶಿಶುವಿನ ಸೊಂಟದ ಕೆಳಗೆ, ಪಿರ್ರೆಯ ಸೀಳಿಗಿಂತ ಮೇಲೆ, ಕೂದಲಿನ ಕುಚ್ಚು, ಕೊಬ್ಬಿನ ಗಂಟು ಅಥವಾ ಆಳದ ಕುಳಿ ಕಂಡರೆ ಅದನ್ನು ಮಚ್ಚೆ ಎಂದು ಬಿಡಬೇಡಿ, ಮಕ್ಕಳ ವೈದ್ಯರಿಗೆ ತೋರಿಸಿ. ಮೊದಲ ಮೂರು ತಿಂಗಳಲ್ಲಾದರೆ ಬೆನ್ನುಮೂಳೆ ಇನ್ನೂ ಪೂರ್ತಿ ಗಟ್ಟಿಯಾಗಿರುವುದಿಲ್ಲ, ಬರೀ ಅಲ್ಟ್ರಾಸೌಂಡಿನಲ್ಲೇ ಒಳಗಿನ ಹುರಿ ಕಾಣುತ್ತದೆ.

ಈಗ ಫೋಲಿಕ್ ಆಮ್ಲ. ಕೋಶ ಒಡೆದು ಎರಡಾಗಬೇಕಾದರೆ ಡಿಎನ್‌ಎ ನಕಲಾಗಬೇಕು, ಅದರ ಬಿಡಿಭಾಗಗಳನ್ನು ತಯಾರಿಸಲು ಫೋಲೇಟ್ ಬೇಕು. ಮಡಿಕೆ ಏಳುವ ಆ ಹತ್ತು ದಿನ ಕೋಶಗಳು ಬಿಡುವಿಲ್ಲದೆ ಒಡೆಯುತ್ತಿರುತ್ತವೆ. 1991ರಲ್ಲಿ ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಳಿ, ಹಿಂದೊಮ್ಮೆ ನರಕೊಳವೆ ದೋಷದ ಮಗು ಹೆತ್ತ ತಾಯಂದಿರಿಗೆ ದಿನಕ್ಕೆ 4 ಮಿಲಿಗ್ರಾಂ ಕೊಟ್ಟು ನಡೆಸಿದ ಪ್ರಯೋಗದ ಫಲ ಪ್ರಕಟಿಸಿತು: ದೋಷ ಮರುಕಳಿಸುವುದು ಶೇ. 72ರಷ್ಟು ತಗ್ಗಿತ್ತು. ಮರುವರ್ಷ ಹಂಗೇರಿಯಿಂದ ಇನ್ನೊಂದು ಪ್ರಯೋಗದ ವರದಿ ಬಂತು. ಹಿಂದೆ ಅಂಥ ಮಗು ಆಗಿರದ ಹೆಂಗಸರಿಗೂ 0.8 ಮಿಲಿಗ್ರಾಂ ಫೋಲಿಕ್ ಆಮ್ಲ ಇದ್ದ ಮಾತ್ರೆ ರಕ್ಷಣೆ ಕೊಟ್ಟಿತ್ತು.

ಈಗಿನ ಸಲಹೆ ಹೀಗಿದೆ. ಮಗು ಬೇಕೆಂದು ಯೋಚಿಸುವ ಎಲ್ಲ ಹೆಂಗಸರಿಗೂ ದಿನಕ್ಕೆ 400 ಮೈಕ್ರೋಗ್ರಾಂ, ಗರ್ಭ ನಿಲ್ಲುವುದಕ್ಕೆ ಒಂದು ತಿಂಗಳಾದರೂ ಮೊದಲಿನಿಂದ, ಕಾರ್ಡಿನ ಲೆಕ್ಕದ 12 ವಾರದವರೆಗೆ. ಹಿಂದೆ ನರಕೊಳವೆ ದೋಷದ ಮಗು ಆಗಿದ್ದವರಿಗೆ ಹತ್ತು ಪಟ್ಟು, 4 ಮಿಲಿಗ್ರಾಂ. ನಮ್ಮ ಅಂಗಡಿಗಳಲ್ಲಿ ಸಿಗುವುದು 5 ಮಿಲಿಗ್ರಾಮಿನ ಮಾತ್ರೆ, ವೈದ್ಯರು ಅದನ್ನೇ ಬರೆಯುತ್ತಾರೆ. ಇಲ್ಲಿ ಆಗುವ ಗೊಂದಲ ಒಂದಿದೆ. ನಾಲ್ಕನೇ ತಿಂಗಳಿನಿಂದ ಆಶಾ ಕಾರ್ಯಕರ್ತೆ ತಂದುಕೊಡುವ ಕಬ್ಬಿಣದ ಮಾತ್ರೆಯಲ್ಲಿ 60 ಮಿಲಿಗ್ರಾಂ ಕಬ್ಬಿಣದ ಜೊತೆ 500 ಮೈಕ್ರೋಗ್ರಾಂ ಫೋಲಿಕ್ ಆಮ್ಲ ಇದೆ. ಅದು ರಕ್ತಕ್ಕೆ ಬೇಕು, ತಪ್ಪದೆ ನುಂಗಬೇಕು. ನರಕೊಳವೆಗೆ ಮಾತ್ರ ಅದು ತಡವಾದ ಮಾತ್ರೆ.

ಊಟದಿಂದಲೇ ಆಗುವುದಿಲ್ಲವೇ ಎಂದು ಕೇಳುತ್ತೀರಿ. ಸೊಪ್ಪು, ಹೆಸರುಕಾಳು, ಕಡಲೆ, ಅಲಸಂದೆ ಎಲ್ಲದರಲ್ಲೂ ಫೋಲೇಟ್ ಇದೆ. ಅದು ನೀರಿಗೆ ಬಿಡುತ್ತದೆ, ಕುದಿಸಿದಷ್ಟೂ ಕೆಡುತ್ತದೆ. ಬೇಯಿಸಿದ ನೀರನ್ನು ಚೆಲ್ಲುವವರಿಗಿಂತ ಬಸ್ಸಾರು ಮಾಡುವವರು ಜಾಣರು, ಬಸಿದ ಕಟ್ಟಿನಲ್ಲಿ ಒಂದಷ್ಟು ಉಳಿಯುತ್ತದೆ. ಆದರೂ ಎಷ್ಟು ಸಿಕ್ಕಿತು ಎಂದು ಲೆಕ್ಕ ಇಡಲು ಬರುವುದಿಲ್ಲ. ಪಡಿತರದ ಸಾರವರ್ಧಿತ ಅಕ್ಕಿಯಲ್ಲಿ ಕಿಲೋಗೆ 75ರಿಂದ 125 ಮೈಕ್ರೋಗ್ರಾಂ ಫೋಲಿಕ್ ಆಮ್ಲ ಇರಬೇಕೆಂಬುದು ಮಾನದಂಡ. ದಿನಕ್ಕೆ ಕಾಲು ಕಿಲೋ ಅಕ್ಕಿ ಉಂಡರೂ ಅದರಿಂದ ಸಿಗುವುದು ಹೆಚ್ಚೆಂದರೆ 31 ಮೈಕ್ರೋಗ್ರಾಂ. ಅಮೆರಿಕದಲ್ಲಿ 1998ರಿಂದ ಹಿಟ್ಟಿಗೆ ಕಡ್ಡಾಯವಾಗಿ ಬೆರೆಸುವುದು ನೂರು ಗ್ರಾಮಿಗೆ 140 ಮೈಕ್ರೋಗ್ರಾಂ. ಎರಡನ್ನೂ ಒಂದೇ ಎಂದುಕೊಳ್ಳಬಾರದು. ಇನ್ನೊಂದು ಮಾತು, ಶುದ್ಧ ಸಸ್ಯಾಹಾರಿಗಳು ಬಿ12 ಮಟ್ಟವನ್ನೂ ನೋಡಿಸಿಕೊಳ್ಳಬೇಕು. ಬಿ12 ಇಲ್ಲದೆ ಫೋಲೇಟ್ ತನ್ನ ಕೆಲಸ ಪೂರ್ತಿ ಮಾಡಲಾರದು.

ಫೋಲಿಕ್ ಆಮ್ಲ ಎಲ್ಲ ದೋಷವನ್ನೂ ತಡೆಯುವುದಿಲ್ಲ. ಗರ್ಭಕ್ಕೆ ಮುಂಚಿನಿಂದ ಇದ್ದು ಹತೋಟಿಗೆ ಬಾರದ ಸಕ್ಕರೆ ಕಾಯಿಲೆ, ಮೊದಲ ವಾರಗಳ ತೀವ್ರ ಜ್ವರ, ಮೂರ್ಛೆರೋಗದ ವಾಲ್ಪ್ರೊಯೇಟ್ ಮಾತ್ರೆ, ಇವೆಲ್ಲ ಅಪಾಯ ಹೆಚ್ಚಿಸುತ್ತವೆ. ವಾಲ್ಪ್ರೊಯೇಟ್ ನುಂಗುವವರಲ್ಲಿ ನೂರರಲ್ಲಿ ಒಂದೆರಡು ಮಕ್ಕಳಿಗೆ ಸ್ಪೈನಾ ಬೈಫಿಡಾ ಬರಬಹುದು. ಹಾಗೆಂದು ಗರ್ಭಿಣಿ ಎಂದು ತಿಳಿದ ದಿನ ಮಾತ್ರೆಯನ್ನು ದಿಢೀರನೆ ಬಿಟ್ಟರೆ ಫಿಟ್ಸ್ ಬಂದು ತಾಯಿ, ಮಗು ಇಬ್ಬರಿಗೂ ಅಪಾಯ, ಮೇಲಾಗಿ ಕೊಳವೆ ಮುಚ್ಚುವ ಹೊತ್ತು ಆಗಲೇ ಕಳೆದಿರುತ್ತದೆ. ಮಾತ್ರೆ ಬದಲಿಸುವುದಿದ್ದರೆ ಅದು ಮದುವೆಯ ಹೊತ್ತಿಗೇ ನರರೋಗ ತಜ್ಞರ ಜೊತೆ ಆಡಬೇಕಾದ ಮಾತು.

ಕೊಳವೆ ಮುಚ್ಚಿತು. ಈಗ ಅದರೊಳಗೆ ಯಾವ ಜಾಗದಲ್ಲಿ ಯಾವ ನರಕೋಶ ಹುಟ್ಟಬೇಕು? ಆ ನೋಟೋಕಾರ್ಡ್ ಇಲ್ಲಿ ಬರುತ್ತದೆ. ಕೊಳವೆಯ ಕೆಳಗೆ ಮಲಗಿರುವ ಅದು ಸಾನಿಕ್ ಹೆಜ್‌ಹಾಗ್ ಎಂಬ ಪ್ರೋಟೀನನ್ನು ಹೊರಬಿಡುತ್ತದೆ. ಹತ್ತಿರದ ಕೋಶಗಳಿಗೆ ಹೆಚ್ಚು, ದೂರದವಕ್ಕೆ ಕಡಿಮೆ. ಎಷ್ಟು ಪ್ರಮಾಣ ಸಿಕ್ಕಿತು ಎಂಬುದರ ಮೇಲೆ ಕೋಶ ತನ್ನ ಕಸುಬು ಆರಿಸಿಕೊಳ್ಳುತ್ತದೆ. ಹೊಟ್ಟೆಯ ಕಡೆಯ ಅರ್ಧದಲ್ಲಿ ಸ್ನಾಯು ಆಡಿಸುವ ನರಕೋಶಗಳು ಹುಟ್ಟುತ್ತವೆ. ಬೆನ್ನಿನ ಕಡೆಯಿಂದ, ಮೊದಲು ಹೇಳಿದ ಅದೇ ಬಿಎಂಪಿ ಬರುತ್ತದೆ, ಅಲ್ಲಿ ಸ್ಪರ್ಶ, ನೋವು ಗ್ರಹಿಸುವ ವ್ಯವಸ್ಥೆ ನಿಲ್ಲುತ್ತದೆ.

ಈ ಪ್ರೋಟೀನು ಕೈಕೊಟ್ಟರೆ ಏನಾಗುತ್ತದೆ ಎಂಬುದನ್ನು ತೋರಿಸಿದ್ದು ಕುರಿಗಳು. ಅಮೆರಿಕದ ಐಡಾಹೊ ರಾಜ್ಯದಲ್ಲಿ 1950ರ ದಶಕದಲ್ಲಿ ಹಣೆಯ ನಡುವೆ ಒಂದೇ ಕಣ್ಣಿನ ಕುರಿಮರಿಗಳು ಹುಟ್ಟತೊಡಗಿದವು. ವಿಜ್ಞಾನಿಗಳು ಕುರಿ ಮೇಯುವ ಬೆಟ್ಟದ ಗಿಡಗಳನ್ನು ಒಂದೊಂದಾಗಿ ಪರೀಕ್ಷಿಸಿ, ವೆರಾಟ್ರಮ್ ಎಂಬ ಗಿಡವನ್ನು ಹಿಡಿದರು. ಗಬ್ಬದ ಕುರಿ ಅದನ್ನು 14ನೇ ದಿನದ ಆಸುಪಾಸಿನಲ್ಲಿ ತಿಂದರೆ ಮರಿಗೆ ಒಂದೇ ಕಣ್ಣು. ಆ ದಿನ ದಾಟಿ ತಿಂದರೆ ಕಣ್ಣು ಎರಡೇ. ಗಿಡದ ವಿಷ ಸೈಕ್ಲೊಪಮೀನ್, ಅದು ಹೆಜ್‌ಹಾಗ್ ಸಂಕೇತವನ್ನು ತಡೆಯುತ್ತದೆ ಎಂದು ತಿಳಿದದ್ದು 1990ರ ದಶಕದಲ್ಲಿ. ಆ ಸಂಕೇತ ಇಲ್ಲದಿದ್ದರೆ ಮುಮ್ಮೆದುಳು ಎಡಬಲವಾಗಿ ಸೀಳುವುದಿಲ್ಲ, ಕಣ್ಣಿನ ಜಾಗವೂ ಒಂದಾಗಿಯೇ ಉಳಿಯುತ್ತದೆ. ಮನುಷ್ಯರಲ್ಲೂ ಈ ದೋಷ ಇದೆ. ತೀರ ಸೌಮ್ಯವಾದರೆ ಮೇಲ್ದವಡೆಯ ನಡುವೆ ಎರಡು ಬಾಚಿಹಲ್ಲಿನ ಬದಲು ಒಂದೇ ಹಲ್ಲು ಇರುವಷ್ಟಕ್ಕೆ ನಿಲ್ಲಬಹುದು.

ಕೊಳವೆಯ ಅಂಚು ಕೂಡುವ ಹೊತ್ತಿನಲ್ಲಿ ಅದರ ತುದಿಯಿಂದ ಕೆಲವು ಕೋಶಗಳು ಕಳಚಿಕೊಂಡು ಊರು ಬಿಡುತ್ತವೆ. ಇವು ನರಶಿಖೆಯ ಕೋಶಗಳು. ಮುಖದ ಮೂಳೆ, ಚರ್ಮಕ್ಕೆ ಬಣ್ಣ ಕೊಡುವ ಕೋಶ, ಅಡ್ರಿನಲ್ ಗ್ರಂಥಿಯ ಒಳಭಾಗ, ಬೆನ್ನುಹುರಿಯ ಪಕ್ಕದ ನರಗಂಟುಗಳು, ಇವೆಲ್ಲ ಅವುಗಳದ್ದೇ. ಫ್ರಾನ್ಸಿನ ನಿಕೋಲ್ ಲ ದುವಾರೆನ್ 1969ರಲ್ಲಿ ಕ್ವೈಲ್ ಹಕ್ಕಿಯ ಕೋಶಗಳನ್ನು ಕೋಳಿ ಭ್ರೂಣಕ್ಕೆ ಕೂರಿಸಿ ಇವುಗಳ ದಾರಿಯನ್ನು ಪತ್ತೆ ಹಚ್ಚುವ ವಿಧಾನ ಕಂಡುಕೊಂಡರು. ಸೂಕ್ಷ್ಮದರ್ಶಕದಲ್ಲಿ ಕ್ವೈಲ್ ಕೋಶದ ಕೇಂದ್ರ (ನ್ಯೂಕ್ಲಿಯಸ್) ಕೋಳಿಯದಕ್ಕಿಂತ ಬೇರೆಯಾಗಿ ಕಾಣುತ್ತದೆ.

ಅವುಗಳಲ್ಲಿ ಅತಿ ದೂರದ ಪಯಣ ಕರುಳಿಗೆ ಹೋಗುವವುಗಳದ್ದು. ಕತ್ತಿನ ಬಳಿ ಹೊರಟು ಅನ್ನನಾಳದಿಂದ ಗುದದವರೆಗೆ, ನಾಲ್ಕನೇ ವಾರದಿಂದ ಏಳನೇ ವಾರದವರೆಗೆ ನಡೆಯುತ್ತವೆ. ಕೊನೆ ಮುಟ್ಟದಿದ್ದರೆ ಗುದದ ಹತ್ತಿರದ ಕರುಳಿಗೆ ನರವೇ ಇರುವುದಿಲ್ಲ. ಆ ಭಾಗ ಸಡಿಲವಾಗದೆ ಬಿಗಿದೇ ಇರುತ್ತದೆ, ಮೇಲಿನ ಕರುಳು ಉಬ್ಬುತ್ತದೆ. ಇದು ಹಿರ್ಷ್‌ಸ್ಪ್ರಂಗ್ ಕಾಯಿಲೆ, ಸುಮಾರು 5000 ಹೆರಿಗೆಗೆ ಒಂದು. ಹುಟ್ಟಿದ ಮಗು 48 ಗಂಟೆಯೊಳಗೆ ಕಪ್ಪು ಮಲ ಹಾಕದೆ ಹೊಟ್ಟೆ ಉಬ್ಬಿಸಿಕೊಂಡರೆ ಮೊದಲು ನೆನೆಯಬೇಕಾದ ಕಾರಣಗಳಲ್ಲಿ ಇದೊಂದು. ನರವಿಲ್ಲದ ಭಾಗವನ್ನು ತೆಗೆದು ಹೊಲಿಯುವುದೇ ಚಿಕಿತ್ಸೆ.

ತಲೆಯ ಕಡೆ ಕೊಳವೆ ಮೂರು ಉಬ್ಬಾಗಿ, ಐದನೇ ವಾರಕ್ಕೆ ಐದಾಗುತ್ತದೆ. ಪಠ್ಯಪುಸ್ತಕದ ಚಿತ್ರಗಳಲ್ಲಿ ಇದು ಇದೆ, ನಾನು ಅಲ್ಲಿ ನಿಲ್ಲುವುದಿಲ್ಲ. ಮೆದುಳಿನ ತೊಗಟೆ ಕಟ್ಟುವ ಬಗೆ ಹೆಚ್ಚು ಕುತೂಹಲದ್ದು. ನರಕೋಶ ಹುಟ್ಟುವುದು ಒಳಗೆ, ದ್ರವ ತುಂಬಿದ ಕುಹರದ ಗೋಡೆಯಲ್ಲಿ. ಇರಬೇಕಾದದ್ದು ಹೊರಗೆ. ಒಳಗಿನಿಂದ ಹೊರಗಿನವರೆಗೆ ಚಾಚಿದ, ಗ್ಲಯಾ ಎಂಬ ಉದ್ದನೆಯ ಆಸರೆ ಕೋಶಗಳನ್ನು ಹಿಡಿದು ನರಕೋಶಗಳು ತೆವಳುತ್ತವೆ. ಮೊದಲು ಹೊರಟವು ಕೆಳಪದರದಲ್ಲಿ ನಿಲ್ಲುತ್ತವೆ, ಆಮೇಲೆ ಹೊರಟವು ಅವುಗಳನ್ನು ದಾಟಿ ಮೇಲೆ ಹೋಗುತ್ತವೆ. ತೆವಳಿಸುವ ಯಂತ್ರಕ್ಕೆ ಬೇಕಾದ ಎಲ್‌ಐಎಸ್1 ಎಂಬ ಜೀನು ಕೆಟ್ಟರೆ ಕೋಶಗಳು ಅರ್ಧ ದಾರಿಯಲ್ಲೇ ನಿಂತು, ಮೆದುಳಿನ ಮೇಲೆ ಸುಕ್ಕು ಮೂಡದೆ ನುಣ್ಣಗಾಗುತ್ತದೆ. ಅಂಥ ಮಗುವಿಗೆ ಎಳೆತನದಲ್ಲೇ ಫಿಟ್ಸ್ ಶುರುವಾಗುತ್ತದೆ.

ಈ ಹಂತ ಯಾವಾಗ ಬಿರುಸಾಗಿರುತ್ತದೆ ಎಂಬುದಕ್ಕೆ ದಾರುಣ ಸಾಕ್ಷಿ ಹಿರೋಶಿಮಾ, ನಾಗಸಾಕಿಗಳದ್ದು. 1945ರ ಆಗಸ್ಟಿನಲ್ಲಿ ಅಣುಬಾಂಬು ಬಿದ್ದ ದಿನ ತಾಯಿಯ ಹೊಟ್ಟೆಯಲ್ಲಿದ್ದು ವಿಕಿರಣ ತಾಗಿದ ಮಕ್ಕಳನ್ನು ವರ್ಷಗಟ್ಟಲೆ ಗಮನಿಸಿದಾಗ, ತೀವ್ರ ಬುದ್ಧಿಮಾಂದ್ಯ ಹೆಚ್ಚಾಗಿ ಕಂಡದ್ದು ಆ ದಿನ 8ರಿಂದ 15 ವಾರದವರಾಗಿದ್ದವರಲ್ಲಿ. 16ರಿಂದ 25 ವಾರದವರಲ್ಲಿ ಕಡಿಮೆ. 8 ವಾರಕ್ಕಿಂತ ಎಳೆಯವರಲ್ಲಿ ಈ ಹೆಚ್ಚಳ ಕಾಣಲಿಲ್ಲ. ಇದೇ ತಿಂಗಳುಗಳಲ್ಲಿ ಥೈರಾಯ್ಡ್ ಹಾರ್ಮೋನು ಕೂಡ ಬೇಕು, ಆದರೆ ಮಗುವಿನ ಸ್ವಂತ ಗ್ರಂಥಿ ಚೆನ್ನಾಗಿ ಕೆಲಸಕ್ಕೆ ಇಳಿಯುವುದು ಗರ್ಭದ ನಡುಭಾಗ ಬಂದ ಮೇಲೆ. ಅಲ್ಲಿಯವರೆಗೆ ತಾಯಿಯದ್ದೇ ಗತಿ. ಗರ್ಭಿಣಿಗೆ ದಿನಕ್ಕೆ 250 ಮೈಕ್ರೋಗ್ರಾಂ ಅಯೋಡಿನ್ ಬೇಕು ಎನ್ನುವುದು ಅದಕ್ಕೇ.

ನರಕೋಶ ತನ್ನ ಜಾಗಕ್ಕೆ ಬಂದ ಮೇಲೆ ತಂತು ಚಾಚುತ್ತದೆ. ತಂತು ನಿಜಕ್ಕೂ ಕೋಶದಿಂದಲೇ ಬೆಳೆಯುತ್ತದೆಯೇ ಎಂಬ ಜಗಳವನ್ನು 1907ರಲ್ಲಿ ರಾಸ್ ಹ್ಯಾರಿಸನ್ ಕಪ್ಪೆ ಭ್ರೂಣದ ನರಕೊಳವೆಯ ಚೂರನ್ನು ಒಂದು ಹನಿ ದುಗ್ಧರಸದಲ್ಲಿ ಬೆಳೆಸಿ ತೀರಿಸಿದರು, ತಂತು ಹೊರಡುವುದು ಕಣ್ಣೆದುರೇ ಕಂಡಿತು. ಗುರಿ ಮುಟ್ಟಿದ ತಂತುಗಳೆಲ್ಲ ಉಳಿಯುವುದಿಲ್ಲ. ಕೋಳಿ ಭ್ರೂಣದ ಬೆನ್ನುಹುರಿಯಲ್ಲಿ ಸ್ನಾಯು ಆಡಿಸುವ ನರಕೋಶಗಳಲ್ಲಿ ಸುಮಾರು ಅರ್ಧ ಸಾಯುತ್ತವೆ. ಗುರಿಯಾದ ಅಂಗ ಸ್ವಲ್ಪವೇ ಪೋಷಕ ಪ್ರೋಟೀನು ಕೊಡುತ್ತದೆ, ಅದು ದಕ್ಕಿದವು ಉಳಿಯುತ್ತವೆ. ಅಂಥ ಮೊದಲ ಪ್ರೋಟೀನನ್ನು ಕಂಡುಹಿಡಿದದ್ದಕ್ಕೆ 1986ರ ನೊಬೆಲನ್ನು ಸ್ಟಾನ್ಲಿ ಕೊಹೆನ್ ಜೊತೆ ಹಂಚಿಕೊಂಡ ರೀಟಾ ಲೆವಿ-ಮೊಂಟಾಲ್ಚಿನಿ, ಯಹೂದಿ ಎಂಬ ಕಾರಣಕ್ಕೆ ವಿಶ್ವವಿದ್ಯಾಲಯದಿಂದ ಹೊರಬಿದ್ದು, ಯುದ್ಧಕಾಲದ ಟ್ಯೂರಿನ್‌ನಲ್ಲಿ ಮಲಗುವ ಕೋಣೆಯಲ್ಲೇ ಕೋಳಿಮೊಟ್ಟೆ ಇಟ್ಟುಕೊಂಡು ಈ ಕೆಲಸ ಶುರುಮಾಡಿದ್ದರು.

ಕೊನೆಗೆ ಅವಧಿಗೆ ಮೊದಲೇ ಹುಟ್ಟುವ ಮಕ್ಕಳ ವಿಷಯ. ಈಗ ಹೇಳುವ ವಾರಗಳೆಲ್ಲ ಕಾರ್ಡಿನ ಲೆಕ್ಕದವು. ಕುಹರದ ಗೋಡೆಗೆ ಅಂಟಿದಂತೆ, ಹೊಸ ಕೋಶಗಳು ಹುಟ್ಟುವ ಒಂದು ಮೆತ್ತನೆ ಪದರ ಇದೆ. ಅದಕ್ಕೆ ಅಪಾರ ರಕ್ತ ಬೇಕು, ಆದರೆ ಅಲ್ಲಿಯ ರಕ್ತನಾಳಗಳ ಗೋಡೆ ತೀರ ತೆಳು. ತಾತ್ಕಾಲಿಕ ಕಟ್ಟಡಕ್ಕೆ ಗಟ್ಟಿ ಕೊಳಾಯಿ ಯಾರೂ ಹಾಕುವುದಿಲ್ಲ. 34 ವಾರದ ಹೊತ್ತಿಗೆ ಆ ಪದರ ಬಹುಮಟ್ಟಿಗೆ ಕರಗಿಹೋಗುತ್ತದೆ. 32 ವಾರದೊಳಗೆ ಹುಟ್ಟಿದ ಮಗುವಿನಲ್ಲಿ ಅದು ಇನ್ನೂ ಇರುತ್ತದೆ. ಉಸಿರಾಟದ ತೊಂದರೆ, ರಕ್ತದೊತ್ತಡದ ಏರಿಳಿತ ಬಂದರೆ ಆ ನಾಳಗಳು ಒಡೆದು ಕುಹರಕ್ಕೆ ರಕ್ತ ಇಳಿಯುತ್ತದೆ. ಬಹುಪಾಲು ಮೊದಲ 72 ಗಂಟೆಯಲ್ಲೇ ಆಗುತ್ತದೆ. ಅದಕ್ಕೇ ಇಂಥ ಮಕ್ಕಳಿಗೆ ಮೊದಲ ವಾರದಲ್ಲಿ ನೆತ್ತಿಯ ಮೆತ್ತನೆ ಜಾಗದ ಮೂಲಕ ಅಲ್ಟ್ರಾಸೌಂಡ್ ಮಾಡುತ್ತಾರೆ. ತಡೆಯುವ ದಾರಿ ಹೆರಿಗೆಗೆ ಮುಂಚೆಯೇ ಇದೆ. 24ರಿಂದ 34 ವಾರದ ನಡುವೆ ಹೆರಿಗೆ ನೋವು ಕಾಣಿಸಿಕೊಂಡ ತಾಯಿಗೆ ಡೆಕ್ಸಾಮೆಥಸೋನ್ 6 ಮಿಲಿಗ್ರಾಮಿನ ನಾಲ್ಕು ಸೂಜಿ, 12 ಗಂಟೆಗೊಂದರಂತೆ. ಇದು ಮಗುವಿನ ಶ್ವಾಸಕೋಶವನ್ನು ಬೇಗ ಸಜ್ಜುಗೊಳಿಸುತ್ತದೆ, ಮೆದುಳಿನ ರಕ್ತಸ್ರಾವವನ್ನೂ ತಗ್ಗಿಸುತ್ತದೆ. ದೊಡ್ಡಾಸ್ಪತ್ರೆಗೆ ಕಳಿಸಬೇಕಾಗಿ ಬಂದರೆ ಮೊದಲ ಸೂಜಿಯನ್ನು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ಕೊಟ್ಟು, ಕೊಟ್ಟ ಹೊತ್ತನ್ನು ಚೀಟಿಯಲ್ಲಿ ಬರೆದು ಆಂಬುಲೆನ್ಸ್ ಹತ್ತಿಸಬೇಕು.